ಸಿಂಗಾರದ ಮೇಲಿನ ಚಗಳಿ: ತಲೆ ಮಾತ್ರ ಸ್ಪಷ್ಟ ಯಾಕೆ?

ಬದಿಯಡ್ಕದ ತೋಟದಲ್ಲಿ 70-300 ಮಿ.ಮೀ. ಝೂಮ್ ಲೆನ್ಸಿನಿಂದ ಅಡಿಕೆ ಸಿಂಗಾರದ (ಹೂಗೊಂಚಲಿನ) ಮೇಲಿನ ಚಗಳಿ ಇರುವೆ ತೆಗೆದಾಗ ಎಫ್/5.6ರಲ್ಲಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ರಂಧ್ರ ಕಿರಿದು) ತಲೆ ಮಾತ್ರ ಸ್ಪಷ್ಟ, ಎಫ್/32ರಲ್ಲಿ ಇಡೀ ಚಿತ್ರವೇ ಮಂಕು ಅಂದಿರಿ. ಲೆನ್ಸ್ ಕೆಟ್ಟಿಲ್ಲ.

ಲೆನ್ಸಿನ ಮ್ಯಾಕ್ರೋ (ತೀರಾ ಹತ್ತಿರದ ಚಿತ್ರದ) ಸ್ವಿಚ್ ಹಾಕಿ ಅರ್ಧ ಗಾತ್ರಕ್ಕೆ (1:2, ಅಂದರೆ ಸೆನ್ಸರಿನ ಮೇಲೆ ಬೀಳುವ ಬಿಂಬ ವಸ್ತುವಿನ ಅರ್ಧದಷ್ಟು) ಹೋದರೆ, ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನಲ್ಲಿ ಎಫ್/5.6ಕ್ಕೆ ಸಿಗುವ ಆಳ (ಮುಂದಿನಿಂದ ಹಿಂದಕ್ಕೆ ಸ್ಪಷ್ಟವಾಗಿ ಕಾಣುವ ದೂರ) ಸುಮಾರು 1.3 ಮಿ.ಮೀ., ಎಫ್/11ಕ್ಕೆ 2.6. ಇರುವೆಯೇ 8 ಮಿ.ಮೀ. ಉದ್ದ! ಎಫ್/32ರಲ್ಲಿ ಆಳ ಹೆಚ್ಚಿದರೂ ಸಣ್ಣ ರಂಧ್ರದಲ್ಲಿ ಬೆಳಕು ಚದುರಿ ಎಲ್ಲವೂ ಮಸುಕಾಗುತ್ತದೆ. ಎಫ್/11 ದಾಟಬೇಡಿ, ತೀರಾ ಬೇಕಾದರೆ 16.

ಅದಕ್ಕಿಂತ ದೊಡ್ಡ ಲಾಭ ಹಿಂದೆ ಸರಿಯುವುದರಲ್ಲಿದೆ. 1:4ಕ್ಕೆ ಬಂದರೆ ಅದೇ ಎಫ್/11ರಲ್ಲಿ ಸುಮಾರು 9 ಮಿ.ಮೀ. ಆಳ. ಆಮೇಲೆ ಬೇಕಾದಷ್ಟೇ ಭಾಗ ಕತ್ತರಿಸಿ (ಕ್ರಾಪ್ ಮಾಡಿ). 24 ಮೆಗಾಪಿಕ್ಸೆಲ್ ಇದ್ದರೆ ಧಾರಾಳ ಸಾಕು. ಇರುವೆಯನ್ನು ಎದುರಿನಿಂದಲ್ಲ, ಪಕ್ಕದಿಂದ ತೆಗೆಯಿರಿ: ಮೈ ಸೆನ್ಸರಿಗೆ ಸಮಾನಾಂತರವಾಗಿದ್ದರೆ ಇದ್ದ ಆಳವೇ ತಲೆಯಿಂದ ಬಾಲದವರೆಗೆ ಸಾಲುತ್ತದೆ.

ಆಟೋಫೋಕಸ್ ಇಲ್ಲಿ ಹಿಂದೆ ಮುಂದೆ ಹುಡುಕಾಡುತ್ತದೆ. ಮ್ಯಾನುವಲ್‌ಗೆ ಹಾಕಿ, ನೀವೇ ತುಸು ಮುಂದೆ ಹಿಂದೆ ವಾಲುತ್ತಾ ಕಣ್ಣು ಸ್ಪಷ್ಟವಾದಾಗ ಒತ್ತಿ. ತೋಟದ ನೆರಳಿಗೆ ಫ್ಲ್ಯಾಶ್ ಬೇಕೇ ಬೇಕು: ಶಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿನ ಸಂವೇದನೆ) 400, ಫ್ಲ್ಯಾಶ್ ಮುಂದೆ ಬಿಳಿ ತೆಳು ಕಾಗದ. ಲೆನ್ಸ್ ಹುಡ್ ತೆಗೆದಿಡಿ, ಅದರ ನೆರಳು ಚಿತ್ರದ ಕೆಳಭಾಗಕ್ಕೆ ಬೀಳುತ್ತದೆ.