ಆಟಗಾರರ ಸಹಿ ಇರುವ ಚೆಂಡು, ಫೋಟೊ ಅಸಲಿಯೇ? ಬೆಲೆ ತಿಳಿಯುವುದು ಹೇಗೆ?

ಮೊದಲು 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಫೋಟೊ ಮೇಲಿನ ಸಹಿ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಮುದ್ರಣ. ಕೈಯಿಂದ ಸರಾಗವಾಗಿ ಮಾಡಿದ ಸಹಿಯಲ್ಲಿ ಗೆರೆಯ ತುದಿ ತೆಳುವಾಗುತ್ತಾ ಹೋಗುತ್ತದೆ. ನಡುಕ, ಬೇಡದ ಕಡೆ ನಿಲುಗಡೆ ಇದ್ದರೆ ಯಾರೋ ನೋಡಿಕೊಂಡು ನಿಧಾನವಾಗಿ ಬರೆದಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಸಹಿಯ ಜೊತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡರೆ ಆಟೋಪೆನ್ (ಒಂದೇ ಸಹಿಯನ್ನು ಪೆನ್ನಿನಿಂದ ಮತ್ತೆ ಮತ್ತೆ ಬರೆಯುವ) ಯಂತ್ರವನ್ನೇ ಶಂಕಿಸಿ. ಮನುಷ್ಯನ ಕೈ ಎರಡು ಸಲ ಒಂದೇ ತೆರನಾಗಿ ಬರೆಯುವುದಿಲ್ಲ. ಹೋಲಿಕೆಗೆ ಅದೇ ಕಾಲದ ಸಹಿಗಳನ್ನೇ ತೆಗೆದುಕೊಳ್ಳಿ, ಏಕೆಂದರೆ ವರ್ಷ ಕಳೆದಂತೆ ಸಹಿ ಬದಲಾಗುತ್ತದೆ.

ಮಾರುವವರೇ ಅಚ್ಚು ಹಾಕಿಸಿದ ಪ್ರಮಾಣಪತ್ರವನ್ನು ನಂಬಬೇಡಿ. ಸಹಿ ಅಸಲಿಯೇ ಎಂದು ಪರೀಕ್ಷಿಸುವ ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಸಂಸ್ಥೆಗಳ ಸ್ಟಿಕರ್ ಇದ್ದರೆ ಅದರ ಸಂಖ್ಯೆಯನ್ನು ಆಯಾ ಜಾಲತಾಣದಲ್ಲಿ ಹಾಕಿ, ಅಲ್ಲಿನ ವಿವರ ನಿಮ್ಮ ಕೈಯಲ್ಲಿರುವ ವಸ್ತುವಿನದೇ ಎಂದು ನೋಡಿ. ಸ್ಟಿಕರ್‌ಗಳೂ ನಕಲಾಗುತ್ತವೆ!

ಬೆಲೆಗೆ, ಮಾರುವವರು ಕೇಳುತ್ತಿರುವ ಮೊತ್ತ ಲೆಕ್ಕಕ್ಕಿಲ್ಲ. ಅಂಥದೇ ವಸ್ತು ಹರಾಜಿನಲ್ಲಿ ಇತ್ತೀಚೆಗೆ ನಿಜಕ್ಕೂ ಎಷ್ಟಕ್ಕೆ ಹೋಗಿದೆ ಎಂದು ಹುಡುಕಿ. ಸಹಿಯ ಜೊತೆ ಅಭಿಮಾನಿಯ ಹೆಸರೂ ಇದ್ದರೆ ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ. ಮಾಸಿದ ಸಹಿಯ ಮೇಲೆ ದಯವಿಟ್ಟು ಪೆನ್ನು ಆಡಿಸಬೇಡಿ, ಇದ್ದ ಬೆಲೆಯೂ ಹೋಗುತ್ತದೆ.