ಮೊದಲು ಕೂಲಿ ಮಾತಾಡಿ, ಆಮೇಲೆ ಮನೆ ನೋಡಿ

ಓದುಗರೊಬ್ಬರ ಐದು ಪುಟದ ಪತ್ರದ ಸಾರ ಇಷ್ಟು: "ಏಜೆಂಟರ ಮೂಲಕ ಮನೆ ಕೊಂಡೆವು. 'ಇನ್ನೊಂದು ಪಾರ್ಟಿ ಅಡ್ವಾನ್ಸ್ ಹಿಡ್ಕೊಂಡು ಕೂತಿದೆ, ಸಂಜೆಯೊಳಗೆ ಹೇಳಿ' ಎಂದು ಅವಸರ ಮಾಡಿದರು. ಹೆದರಿ ನಮ್ಮ ಆಫರ್ ಏರಿಸಿದೆವು. ನೋಂದಣಿ ಮುಗಿದ ಮೇಲೆ ಮಾತಿಗೆ ಮಾತು ಬಂದು, ಬೇರೆ ಯಾರೂ ಬಂದೇ ಇರಲಿಲ್ಲ ಎಂದು ಮಾಲೀಕರೇ ಹೇಳಿದರು. ಸಾಲದ್ದಕ್ಕೆ ಈತ ಎರಡೂ ಕಡೆಯಿಂದ ಕಮಿಷನ್ ಎತ್ತಿದ್ದಾರೆ. ಬೆಲೆ ಏರಿದಷ್ಟೂ ಅವರಿಗೆ ಲಾಭವಲ್ಲವೇ? ದುಡಿಯದೆ ತಿನ್ನುವ ಈ ದಲ್ಲಾಳಿಗಳನ್ನು ನಿಷೇಧಿಸಬಾರದೇಕೆ? ಈಗ ನಮ್ಮ ಹಳೆಯ ಮನೆ ಮಾರಬೇಕಿದೆ. ಅದೇ ಮನುಷ್ಯ ಮತ್ತೆ ಬಂದು ಕೂತಿದ್ದಾರೆ."

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇಲ್ಲದ ಗಿರಾಕಿಯನ್ನು ಇದ್ದಾನೆಂದು ನಂಬಿಸುವುದು ಶುದ್ಧ ಸುಳ್ಳು. ಬ್ರಿಟನ್ನಿನಲ್ಲಿ 1979ರ ಎಸ್ಟೇಟ್ ಏಜೆಂಟ್ಸ್ ಕಾಯ್ದೆಯ ಅಡಿ 1991ರಲ್ಲಿ ಹೊರಟ ಆದೇಶವೊಂದು ಇದನ್ನು ಹೆಸರಿಟ್ಟೇ ತಪ್ಪೆಂದು ಹೇಳಿದೆ. ಬಂದ ಆಫರನ್ನು ತಡಮಾಡದೆ, ಬರಹದಲ್ಲಿ ಮಾರುವವರಿಗೆ ಮುಟ್ಟಿಸಬೇಕೆಂದೂ ಅದರಲ್ಲಿದೆ. ನಿಮ್ಮ ಪರವಾಗಿ ಹೇಳಬೇಕಾದ್ದನ್ನು ಹೇಳಿದ್ದಾಯಿತು. ಇನ್ನು ನನ್ನ ಸರದಿ.

ಅಲ್ಲ ಸ್ವಾಮಿ, ಐದು ಪುಟದಲ್ಲಿ ನಾನು ಒಂದೇ ಒಂದು ಮಾತಿಗಾಗಿ ಹುಡುಕಿದೆ. "ನಾವು ನಿಮಗೆ ಕೊಡಬೇಕಾದ್ದೆಷ್ಟು, ಮಾರುವವರಿಂದ ನಿಮಗೆ ಬರೋದೆಷ್ಟು?" ಎಂದು ಮೊದಲ ದಿನ ನೀವು ಕೇಳಿದ ಮಾತು. ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಮೂರನೇ ಪುಟದ ಅಂಚಿನಲ್ಲಿ, ಆಮೇಲೆ ನೆನಪಾಗಿ ತುರುಕಿದಂತಿದ್ದ ಒಂದು ಸಾಲು: "ಕಮಿಷನ್ ಆಮೇಲೆ ನೋಡೋಣ ಬಿಡಿ ಎಂದರು, ನಾವೂ ಸುಮ್ಮನಾದೆವು." ಅಷ್ಟು ದೊಡ್ಡ ವ್ಯವಹಾರಕ್ಕೆ ಕೈಹಾಕಿದವರು ಅಷ್ಟಕ್ಕೇ ಸುಮ್ಮನಾದಿರಿ!

"ದುಡಿಯದೆ ತಿನ್ನುವವರು" ಎಂಬ ಮಾತನ್ನಂತೂ ನಾನು ಒಪ್ಪಲಾರೆ. ನನಗೆ ಪರಿಚಯವಿರುವ ಏಜೆಂಟರೊಬ್ಬರಿದ್ದಾರೆ. ಗಿರಾಕಿ ಬರುವ ಅರ್ಧ ಗಂಟೆ ಮುಂಚೆಯೇ ಬೀಗ ತೆಗೆದು, ಮುಗ್ಗಲು ವಾಸನೆ ಹೋಗಲೆಂದು ಎಲ್ಲ ಕಿಟಕಿ ತೆರೆದಿಡುತ್ತಾರೆ. ತಿಂಗಳಿಂದ ಮುಟ್ಟದ ನಲ್ಲಿಯನ್ನು ತಿರುಗಿಸಿ, ಕೆಂಪು ನೀರು ಹರಿದು ತಿಳಿಯಾಗುವ ತನಕ ಪಕ್ಕದಲ್ಲೇ ನಿಂತಿರುತ್ತಾರೆ. ಗಿರಾಕಿ ಬಂದು ಗೋಡೆ ತಟ್ಟಿ, ಫೋಟೊ ತೆಗೆದು, "ಯೋಚನೆ ಮಾಡಿ ಹೇಳ್ತೀವಿ" ಎಂದು ಹೊರಡುತ್ತಾನೆ. ಅದೇ ರಾತ್ರಿ ಮಾಲೀಕರ ಬಾಗಿಲು ಬಡಿದು, "ಮಧ್ಯದವರು ಬೇಡ, ಕಮಿಷನ್ ದುಡ್ಡು ನಮ್ಮಿಬ್ಬರಿಗೂ ಉಳಿಯುತ್ತೆ" ಎಂದು ನೇರ ಮಾತು ಮುಗಿಸುವವನೂ ಅವನೇ. ಹಾಗೆ ಉಳಿಸಿದ್ದನ್ನು ನೆಂಟರ ಮುಂದೆ ಜಾಣತನವೆಂದು ಹೇಳಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೇಸು ಸೋತರೂ ವಕೀಲರ ಫೀಸು ನಿಲ್ಲುವುದಿಲ್ಲ. ಏಜೆಂಟರಿಗೆ ಮಾತ್ರ ವ್ಯವಹಾರ ಕುದುರಿದರೆ ಉಂಟು, ಇಲ್ಲವಾದರೆ ಇಲ್ಲ. ಆ ಕಡೆಯವರು ಸುಳ್ಳು ಹೇಳಿದರೆ ಐದು ಪುಟ ಬರೆಯುವ ನಾವು, ಈ ಕಡೆಯವರ ಈ ವಂಚನೆಗೆ ಒಂದು ಪೋಸ್ಟ್‌ಕಾರ್ಡನ್ನೂ ಬರೆಯುವುದಿಲ್ಲ.

ಬೆಲೆ ಏರಿದಷ್ಟೂ ಅವರಿಗೆ ಲಾಭ ಎಂಬ ನಿಮ್ಮ ಲೆಕ್ಕವೂ ಸರಿಯಿಲ್ಲ. ಅಮೆರಿಕದಲ್ಲಿ ಬಹುಕಾಲ ರೂಢಿಯಲ್ಲಿದ್ದ ಶೇ. 6ರ ಕಮಿಷನ್ನನ್ನೇ ತೆಗೆದುಕೊಳ್ಳಿ. ಅದರಲ್ಲಿ ಅರ್ಧ ಮಾರುವವರ ಏಜೆಂಟಿಗೆ, ಅರ್ಧ ಕೊಳ್ಳುವವರ ಏಜೆಂಟಿಗೆ. ಆ ಅರ್ಧದಲ್ಲೂ ಸುಮಾರು ಅರ್ಧ ಅವರವರ ಸಂಸ್ಥೆಗೆ. ಕೈಗೆ ಉಳಿಯುವುದು ಶೇ. 1.5. ಮನೆ 10,000 ಡಾಲರ್ ಹೆಚ್ಚಿಗೆ ಹೋದರೆ ಮಾಲೀಕರಿಗೆ 9,400 ಬರುತ್ತದೆ, ಏಜೆಂಟಿಗೆ 150. ಆ 150ಕ್ಕಾಗಿ ಇನ್ನೆರಡು ವಾರ ಯಾರು ಅಲೆಯುತ್ತಾರೆ? ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಶಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಜಾಲಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸರಾಸರಿ 9.5 ದಿನ ಹೆಚ್ಚು ಕಾದು, ಶೇ. 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಗಿರಾಕಿಯ ಮನೆಯಾದರೆ "ಬಂದ ಆಫರ್ ಬಿಡಬೇಡಿ", ಸ್ವಂತದ್ದಾದರೆ "ನೋಡೋಣ, ಅವಸರವೇನು?"

ಈಗ ನಿಮ್ಮ ಕಥೆಗೆ ಬನ್ನಿ. ಆ ಇಲ್ಲದ ಪಾರ್ಟಿ ಹುಟ್ಟಿದ್ದು ನಿಮ್ಮಿಂದ ಹೆಚ್ಚು ದುಡ್ಡು ಕೀಳಲೆಂದೇ ಇರಲಾರದು. ಆ ಸಂಜೆಯೊಳಗೆ ನಿಮ್ಮ ಬಾಯಲ್ಲಿ "ಹೂಂ" ಬರಿಸಬೇಕಿತ್ತು, ಅಷ್ಟೇ. ಬೆಲೆ ಏರಿಸಿದ್ದು ನಿಮ್ಮ ಗಾಬರಿ. "ಆ ಆಫರ್ ಬರಹದಲ್ಲಿದೆಯೇ?" ಎಂದು ಕೇಳಿ, ಒಂದು ರಾತ್ರಿ ಮಲಗಿ ಎದ್ದಿದ್ದರೆ ಆ ಪಾರ್ಟಿ ತಾನಾಗಿ ಕರಗಿಹೋಗುತ್ತಿತ್ತು.

ಬಾಯಿಯ ವಿಷಯ ಬಂತಲ್ಲ, ಇನ್ನೊಂದು ಹೇಳುತ್ತೇನೆ. ನನ್ನ ಸ್ನೇಹಿತ ದಂಪತಿ ಮನೆ ನೋಡಿಕೊಂಡು ಏಜೆಂಟರ ಕಾರಿನಲ್ಲೇ ವಾಪಸಾಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು, ಅಡುಗೆಮನೆ ಚಿಕ್ಕದಾಯಿತು, ಆದರೂ ಇಷ್ಟರವರೆಗೆ ಹೋಗಬಹುದು ಎಂದು ಗಂಡ ಹೆಂಡತಿಗೆ ಮೆಲ್ಲಗೆ ಅಂದ. ಮುಂದಿದ್ದವರು ರೇಡಿಯೊ ಸಣ್ಣಗೆ ಮಾಡಿದ್ದು ಇಬ್ಬರ ಗಮನಕ್ಕೂ ಬರಲಿಲ್ಲ. ಮರುದಿನ ಮಾಲೀಕರ ಕಡೆಯಿಂದ "ಇದಕ್ಕಿಂತ ಒಂದು ಪೈಸೆ ಇಳಿಯೋದಿಲ್ಲ" ಎಂದು ಬಂದ ಬೆಲೆ, ಕಾರಿನಲ್ಲಿ ಆಡಿದ ಅದೇ ಅಂಕಿ. ಏಜೆಂಟರು ಮೋಸ ಮಾಡಿದರೇ? ಅವರು ಮಾಲೀಕರ ಪರ ಕೆಲಸ ಮಾಡುತ್ತಿದ್ದರೆ, ಕೇಳಿಸಿಕೊಂಡದ್ದನ್ನು ಮಾಲೀಕರಿಗೆ ಹೇಳುವುದು ಅವರ ಕರ್ತವ್ಯವೇ ಆಗಿರಬಹುದು. ಅವರು ಯಾರ ಪರ ಎಂದು ಕಾರು ಹತ್ತುವ ಮುಂಚೆ ಈ ದಂಪತಿಯೂ ಕೇಳಿರಲಿಲ್ಲ.

ನಿಮ್ಮ ಮಿತಿ ಎಷ್ಟೆಂಬುದನ್ನು ಮನೆ ನೋಡುವ ಮುಂಚೆಯೇ, ಮಾಲೀಕರು ಹೇಳುವ ಬೆಲೆ ಕಿವಿಗೆ ಬೀಳುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಅಕ್ಕಪಕ್ಕದ ಮನೆಗಳು ಎಷ್ಟಕ್ಕೆ ಹೋಗಿವೆ ಎಂದು ವಿಚಾರಿಸಿಯೇ ಬರೆಯಬೇಕು. ಕಿವಿಗೆ ಬಿದ್ದ ಮೇಲೆ ತಲೆ ನಿಮ್ಮದಾಗಿ ಉಳಿಯುವುದಿಲ್ಲ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಟೂಸಾನ್ ಊರಿನಲ್ಲಿ ಏಜೆಂಟರನ್ನೂ ವಿದ್ಯಾರ್ಥಿಗಳನ್ನೂ ಒಂದೇ ಮನೆಗೆ ಕರೆದೊಯ್ದು ಬೆಲೆ ಕಟ್ಟಲು ಹೇಳಿದರು. ಕೈಗಿತ್ತ ಕಾಗದಪತ್ರಗಳೆಲ್ಲ ಒಂದೇ, ಮಾಲೀಕರು ಹೇಳುವ ಬೆಲೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಹೆಚ್ಚಿನ ಬೆಲೆ ಕಂಡವರು ಹೆಚ್ಚು ಕಟ್ಟಿದರು, ಕಡಿಮೆ ಕಂಡವರು ಕಡಿಮೆ. ಪಳಗಿದ ಏಜೆಂಟರೂ ಹೆಚ್ಚುಕಡಿಮೆ ವಿದ್ಯಾರ್ಥಿಗಳಷ್ಟೇ ಸುಲಭವಾಗಿ ಜಾರಿದರು. ಆ ಬೆಲೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದು ಏಜೆಂಟರು ಹೇಳಿಕೊಂಡದ್ದು ಬೇರೆ.

ಎರಡೂ ಕಡೆಯ ಕಮಿಷನ್ ಕುರಿತ ನಿಮ್ಮ ದೂರು ಗಟ್ಟಿಯಾದದ್ದು, ಮುಚ್ಚಿಟ್ಟು ತೆಗೆದುಕೊಂಡಿದ್ದರೆ. ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಒಪ್ಪಿದ್ದರೆ ಅದರಲ್ಲಿ ತಕರಾರಿಗೆ ಜಾಗ ಕಡಿಮೆ. ಅಮೆರಿಕದಂಥ ಪಕ್ಕಾ ವ್ಯಾಪಾರಿ ದೇಶಕ್ಕೂ ಇದನ್ನು ಬಾಯಿಬಿಟ್ಟು ಮಾತಾಡಲು ಮುಕ್ಕಾಲು ಶತಮಾನ ಬೇಕಾಯಿತು. ವಾಷಿಂಗ್ಟನ್ನಿನ ಏಜೆಂಟರ ಮಂಡಳಿ ಸದಸ್ಯರಿಗೆಲ್ಲ ಒಂದೇ ಕಮಿಷನ್ ದರ ಗೊತ್ತುಮಾಡಿದ್ದು ಕಾನೂನುಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1950ರಲ್ಲಿ. ಆದರೂ ದರ ಮಾತ್ರ ದಶಕಗಟ್ಟಲೆ ಐದಾರು ಪರ್ಸೆಂಟಿನ ಆಸುಪಾಸಿನಲ್ಲೇ ಕೂತಿತ್ತು. ಕೊಳ್ಳುವವರ ಏಜೆಂಟಿಗೆ ಮಾರುವವರ ಹಣದಿಂದಲೇ ಪಾಲು, ಕೊಳ್ಳುವವರಿಗೆ ಅದರ ಸುದ್ದಿಯೇ ಇಲ್ಲ. ಕೊನೆಗೆ 2023ರ ಅಕ್ಟೋಬರಿನಲ್ಲಿ ಮಿಸೂರಿಯ ಜ್ಯೂರಿಯೊಂದು ರಾಷ್ಟ್ರೀಯ ಏಜೆಂಟರ ಸಂಘ ಮತ್ತು ಕೆಲವು ದೊಡ್ಡ ಸಂಸ್ಥೆಗಳ ಮೇಲೆ ಸುಮಾರು 178 ಕೋಟಿ ಡಾಲರ್ ಪರಿಹಾರ ಹೊರಿಸಿತು. ಮರುವರ್ಷ ಸಂಘ 41.8 ಕೋಟಿ ಡಾಲರಿಗೆ ರಾಜಿಗೆ ಬಂತು. 2024ರ ಆಗಸ್ಟ್ 17ರಿಂದ ಆ ಸಂಘದ ವ್ಯವಸ್ಥೆಯಲ್ಲಿರುವ ಏಜೆಂಟರು, ಜೊತೆಗೆ ಹೋಗಿ ಮನೆ ತೋರಿಸುವ ಮುಂಚೆಯೇ ತಮ್ಮ ಕೂಲಿ ಎಷ್ಟೆಂದು ಬರೆದು ಕೊಳ್ಳುವವರ ಸಹಿ ಪಡೆಯಬೇಕು. ಆ ಕೂಲಿಗೆ ಚೌಕಾಸಿ ಮಾಡಬಹುದು ಎಂಬುದೂ ಆ ಕಾಗದದಲ್ಲಿರಬೇಕು.

ಈ ಪುಟದಲ್ಲಿ ನಾನು ವರ್ಷಗಳಿಂದ ಗೊಣಗುತ್ತಿರುವುದು ಇದನ್ನೇ. ದುಡ್ಡಿನ ಮಾತು ಮೊದಲೇ ಎತ್ತಿದರೆ ಸಣ್ಣವರಾಗುತ್ತೇವೆಂಬ ನಾಚಿಕೆ ನಮ್ಮನ್ನು ಬಿಡುವುದಿಲ್ಲ. ಬಡಗಿ "ನೋಡ್ಕೊಂಡು ಕೊಡಿ ಸಾರ್" ಎನ್ನುತ್ತಾನೆ, ನಾವು ನಕ್ಕು ಕೆಲಸಕ್ಕೆ ಬಿಡುತ್ತೇವೆ, ಕೊನೆಯ ದಿನ ಬೀದಿಗೆ ಕೇಳುವಂತೆ ಜಗಳ. ಹಾಡುವವರನ್ನು ಕರೆಸಿ ಶಾಲು ಹೊದಿಸಿ ಕಳಿಸುತ್ತೇವೆ, ಬಸ್ ಚಾರ್ಜು ಕೇಳಿದರೆ "ಕಲಾವಿದರಾಗಿ ಇಷ್ಟು ವ್ಯವಹಾರವೇ?" ಎನ್ನುತ್ತೇವೆ. ಅನುವಾದಕರು ಪುಸ್ತಕ ಮುಗಿಸಿ ಕೊಟ್ಟ ಮೇಲೆ ಸಂಭಾವನೆಯ ಮಾತು ತೆಗೆಯುತ್ತಾರೆ, ಪ್ರಕಾಶಕರಿಗೆ ಆಗ ಕಿವಿ ಮಂದ. ಈ ನಾಚಿಕೆಯನ್ನು ಸಂಸ್ಕಾರ ಎಂದು ಕರೆದುಕೊಂಡು ಬಂದಿದ್ದೇವೆ. ಅದರ ನಷ್ಟ ಯಾವಾಗಲೂ ಕೆಲಸ ಮಾಡಿದವರಿಗೆ ಇಲ್ಲವೇ ಪ್ರಶ್ನೆ ಕೇಳದವರಿಗೆ.

ಇರಲಿ, ನಿಮ್ಮ ಹಳೆಯ ಮನೆ. ಏಜೆಂಟ್ ಇಲ್ಲದೆ ಮಾರಬಹುದು. ಹೊತ್ತುಗೊತ್ತಿಲ್ಲದ ಫೋನು, ಸುಮ್ಮನೆ ನೋಡಿ ಹೋಗುವವರ ಸಾಲು, ದಾಖಲೆ ಪತ್ರದ ಓಡಾಟ, ಎಲ್ಲವೂ ನಿಮ್ಮ ತಲೆಗೆ ಬರುತ್ತದೆ. ಪತ್ರದ ಧಾಟಿ ನೋಡಿದರೆ ನಿಮಗೆ ಅಷ್ಟು ತಾಳ್ಮೆ ಇದ್ದಂತಿಲ್ಲ, ಕ್ಷಮಿಸಿ. ಅದೇ ಮನುಷ್ಯರಿಗೇ ಕೊಡಿ ಎಂದರೆ ನಿಮಗೆ ಮತ್ತೆ ಸಿಟ್ಟು ಬರುತ್ತದೆ, ಬೇರೆಯವರನ್ನೇ ನೋಡಿ. ಯಾರೇ ಆಗಲಿ, ಸಾರಾಸಗಟು ಪರ್ಸೆಂಟಿಗೆ ಒಪ್ಪಬೇಡಿ. ಒಂದು ಬೆಲೆಯವರೆಗೆ ಕಡಿಮೆ ದರ, ಅದನ್ನು ದಾಟಿ ತಂದದ್ದರಲ್ಲಿ ದೊಡ್ಡ ಪಾಲು ಎಂದು ಕೇಳಿ ನೋಡಿ. ಆಗ ಅವರಿಗೂ ಕಾಯುವ ಮನಸ್ಸು ಬರುತ್ತದೆ. ಬಂದ ಪ್ರತಿಯೊಂದು ಆಫರೂ ಬರಹದಲ್ಲಿ ನಿಮಗೆ ತಲುಪಬೇಕು, ಕೊಳ್ಳುವವರಿಂದ ಏನಾದರೂ ಪಡೆಯುವುದಾದರೆ ಮೊದಲೇ ತಿಳಿಸಬೇಕು, ಒಪ್ಪಂದ ಇಂಥ ದಿನಕ್ಕೆ ಮುಗಿಯುತ್ತದೆ ಎಂದೆಲ್ಲ ಸೇರಿಸಿ. ಅವರು ತಂದ ಗಿರಾಕಿಗೆ ನೀವು ಅವಧಿ ಮುಗಿದ ಮೇಲೆ ಹಿಂಬಾಗಿಲಿನಿಂದ ಮಾರಿದರೂ ಕಮಿಷನ್ ಕೊಡುತ್ತೀರೆಂಬ ಸಾಲನ್ನು ನೀವಾಗಿಯೇ ಬರೆಯಿರಿ. ಆಫರ್ ಬಂದಾಗ ಅಂಕಿಯೊಂದನ್ನೇ ನೋಡಬೇಡಿ. ಬ್ಯಾಂಕ್ ಸಾಲ ಮಂಜೂರಾದರೆ ಮಾತ್ರ ಕೊಳ್ಳುತ್ತೇನೆ ಎನ್ನುವವರ ದೊಡ್ಡ ಬೆಲೆಗಿಂತ, ಹಣ ಸಿದ್ಧವಿಟ್ಟುಕೊಂಡವರ ತುಸು ಕಡಿಮೆ ಬೆಲೆ ಎಷ್ಟೋ ಸಲ ಮೇಲು.

ಅಂದಹಾಗೆ, ಪತ್ರ ಪ್ರಕಟವಾದರೆ ಸಂಭಾವನೆ ಎಷ್ಟು ಎಂದು ನೀವು ನಮ್ಮನ್ನೂ ಕೇಳಿಲ್ಲ. ಓದುಗರ ಪತ್ರಕ್ಕೆ ನಾವು ಏನೂ ಕೊಡುವುದಿಲ್ಲ.

– ಸಂಪಾದಕ