ತಾತನ ಪೆಟ್ಟಿಗೆಯ ಪ್ಲೇಟುಗಳ ಬಗ್ಗೆ

ಸಿಂಧನೂರಿನ ಅಣ್ಣಾರೆ, ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಗ್ರಾಮಫೋನ್ ಪ್ಲೇಟುಗಳನ್ನು ಹೊಸ ಪ್ಲೇಯರ್‌ಗೆ ಹಾಕಬಹುದಾ, ಯಾವುದನ್ನು ಮೊದಲು ಕೇಳಲಿ ಅಂತ ಕೇಳಿದ್ದೀರಿ.

ಮೊದಲು ಲೇಬಲ್ ನೋಡ್ರಿ. 78 (ಅಂದರೆ ನಿಮಿಷಕ್ಕೆ 78 ಸುತ್ತು) ಅಂತಿದ್ದು ಕೈಗೆ ಭಾರ ಅನ್ನಿಸಿದರೆ ಅದು ಅರಗಿನ ಪ್ಲೇಟು. ನಿಮ್ಮ ಪ್ಲೇಯರ್‌ನ ಸೂಜಿ ಎಲ್‌ಪಿಯ, ಅಂದರೆ ಆಮೇಲೆ ಬಂದ ನಿಧಾನವಾಗಿ ತಿರುಗುವ ಪ್ಲಾಸ್ಟಿಕ್ ಪ್ಲೇಟಿನ, ಸಣ್ಣ ಗೀರಿಗೆ ಮಾಡಿದ್ದು. 78ರ ಅಗಲ ಗೀರಿನಲ್ಲಿ ಅದು ತಳಕ್ಕಿಳಿದು ಬರೀ ಕರಕರ ಅನ್ನುತ್ತೆ. 78ಕ್ಕೆ ಅಂತಲೇ ಬರುವ ಸೂಜಿ ತಗೊಳ್ಳಿ, ಪ್ಲೇಯರ್‌ನಲ್ಲಿ ಆ ವೇಗ ಇದೆಯಾ ಅಂತಲೂ ನೋಡಿ. ಸ್ಪಿರಿಟ್‌ನಿಂದ ಮಾತ್ರ ಒರೆಸಬೇಡಿ, ಅರಗು ಕರಗುತ್ತೆ.

ನನ್ನ ಬಳಿ ಇರೋದರಲ್ಲಿ ನನಗೆ ಅಚ್ಚುಮೆಚ್ಚು ಗಂಗೂಬಾಯಿ ಹಾನಗಲ್ ಅವರ ಹಳೇ 78. ನಿಮಗೆ 'ಗಾಂಧಾರಿ' ಅನ್ನೋ ಹೆಸರು ಸಿಕ್ಕರೆ ಯಾರೋ ಬೇರೆಯವರು ಅಂತ ಬದಿಗಿಡಬೇಡಿ, ಎಚ್‌ಎಂವಿ ಕಂಪನಿ ತಂದ ಅವರ ಶುರುವಿನ ಪ್ಲೇಟುಗಳು ಆ ಹೆಸರಲ್ಲೇ ಬಂದವು. ಗಂಟಲಿನ ಚಿಕಿತ್ಸೆಯ ನಂತರ ದಪ್ಪಗಾದ ಅವರ ದನಿಯಷ್ಟೇ ನಮಗೆ ಗೊತ್ತು. ಇಲ್ಲಿರೋದು ತೆಳ್ಳನೆಯ, ಏರುದನಿ. ಮೂರು ನಿಮಿಷ ಚಿಲ್ಲರೆಯೊಳಗೆ ರಾಗ ಮುಗಿಸಬೇಕು, ಆಲಾಪಕ್ಕೆ ಪುರುಸೊತ್ತೇ ಇಲ್ಲ. ಆ ಬಿಗಿ ನನಗೆ ಎಷ್ಟೋ ಎಲ್‌ಪಿಗಳಲ್ಲಿ ಸಿಕ್ಕಿಲ್ಲ. ಅದನ್ನೇ ಮೊದಲು ಹಾಕಿ.

ಎಲ್‌ಪಿಗಳಿದ್ದರೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ನಮ್ಮ ಬಳ್ಳಾರಿಯಾಗಲಿ ನಿಮ್ಮ ರಾಯಚೂರು ಕಡೆಯಾಗಲಿ, ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗೆ ಇಟ್ಟರೆ ಸೊಟ್ಟಗಾಗುತ್ತವೆ. ಲೇಬಲ್‌ಗಳ ಫೋಟೋ ಹಾಕಿ, ನೋಡಿ ಹೇಳ್ತೀನಿ.